ವೆರ್ಣಾದ ಗುಜರಿ ಅಂಗಳ

ಗೋವಾದ ವೆರ್ಣಾ ಸ್ಟೇಷನ್ನಿನಲ್ಲಿ ಇಳಿದವನು ಹೆಜ್ಜೆ ಕೀಳದೆ ನಿಂತುಬಿಟ್ಟೆ. ಆಚೆ ಹಳಿಯ ಮೇಲೆ ಸರಕು ತುಂಬಿದ ಲಾರಿಗಳು ರೈಲಿನ ಬೆನ್ನೇರಿ, ಸರಪಳಿ ಬಿಗಿಸಿಕೊಂಡು ಸಾಲಾಗಿ ನಿಂತಿದ್ದವು. ಒಂದರ ಕ್ಯಾಬಿನ್ನಿನಲ್ಲಿ ಡ್ರೈವರ್ ಕಾಲು ಚಾಚಿ ಮಲಗಿದ್ದ. ಕೊಂಕಣ ರೈಲ್ವೆಯ ರೋ-ರೋ! 1999ರಲ್ಲಿ ಮಹಾರಾಷ್ಟ್ರದ ಕೋಲಾಡ್‌ನಿಂದ ಈ ವೆರ್ಣಾದವರೆಗೆ ಶುರುವಾಗಿ, 2004ರಲ್ಲಿ ನಮ್ಮ ಸುರತ್ಕಲ್ ಮುಟ್ಟಿದ ಸೇವೆ. ಘಟ್ಟದ ತಿರುವುಗಳಲ್ಲಿ ಉರಿದುಹೋಗಬೇಕಿದ್ದ ಡೀಸೆಲ್ಲು ಟ್ಯಾಂಕಿನಲ್ಲೇ ಉಳಿಯುತ್ತದೆ. ಹಳಿ ಒಬ್ಬರದು, ಲಾರಿ ಇನ್ನೊಬ್ಬರದು.

ನಾನು ನೋಡಲು ಬಂದದ್ದೂ ಇಂಥದೇ ಕೊಡುಕೊಳ್ಳುವಿಕೆಯನ್ನು. ನಮ್ಮ ನಂಜನಗೂಡು ಕೈಗಾರಿಕಾ ಪ್ರದೇಶದ ಬಗ್ಗೆ 2010ರಲ್ಲಿ ಬಂದ ಒಂದು ಅಧ್ಯಯನ ತಲೆ ಹೊಕ್ಕಿತ್ತು. ಅಲ್ಲಿನ 42 ಕಂಪನಿಗಳಿಂದ ವರ್ಷಕ್ಕೆ 8,97,210 ಟನ್ ಶೇಷ, ಅದರಲ್ಲಿ ಶೇ. 99.5 ಮತ್ತೆ ಬಳಕೆಗೆ! ಹೆಚ್ಚಿನದನ್ನು ಒಂದು ಸಕ್ಕರೆ ಕಾರ್ಖಾನೆಯೇ ತನ್ನೊಳಗೆ ತಿರುಗಿಸಿಕೊಳ್ಳುತ್ತಿತ್ತು, ನಿಜ. ಆದರೆ ಗೇಟು ದಾಟಿ ಹೊರಬಿದ್ದದ್ದರಲ್ಲೂ ಶೇ. 90ಕ್ಕಿಂತ ಹೆಚ್ಚು ಇಪ್ಪತ್ತು ಕಿಲೋಮೀಟರ್ ಒಳಗೇ ಯಾರದೋ ಕೈ ಸೇರುತ್ತಿತ್ತು. ಆ ಕೈ ಯಾರದು? ವೆರ್ಣಾದ ಕಾರ್ಖಾನೆಗಳ ನಡುವೆ ಅಂಥದೊಂದು ಕೈಯನ್ನು ನೋಡಬೇಕಿತ್ತು.

ರಿಕ್ಷಾ ದಿನ್ನೆ ಹತ್ತಿತು. ಜಂಬಿಟ್ಟಿಗೆಯ ಕೆಂಪು ನೆಲ, ಮೇಲೆ ಮಾತ್ರೆ ಕಾರ್ಖಾನೆಗಳು, ಯಂತ್ರದ ಕಾರ್ಖಾನೆಗಳು. ಒಂದು ಗುಜರಿ ಅಂಗಳದಲ್ಲಿ ಇಳಿದೆ. ಕಿವಿಗೆ ಬಿದ್ದದ್ದು ಬಾಗಲಕೋಟೆಯ ಕನ್ನಡ.

ಹಾಗೆ ಮಾತಾಡುತ್ತಿದ್ದ ಅಕ್ಕ ಹೊಳೆಯುವ ಚೂರುಗಳ ರಾಶಿಯ ಮುಂದೆ ಕೂತಿದ್ದರು. ಮಾತ್ರೆ ಪಟ್ಟಿ ಕತ್ತರಿಸಿದಾಗ ಉಳಿದ ಅಂಚುಗಳು. ನನಗೆ ಎಲ್ಲವೂ ಬೆಳ್ಳಿ ಬಣ್ಣವೇ. ಅವರು ಒಂದು ಚೂರನ್ನು ಹೆಬ್ಬೆರಳಿನಿಂದ ಮಡಚಿ ಬಿಟ್ಟರು. ಅದು ಮಡಚಿದಂತೆಯೇ ಉಳಿಯಿತು. ಇನ್ನೊಂದನ್ನು ಮಡಚಿದರು, ಮೆಲ್ಲಗೆ ಬಿಚ್ಚಿಕೊಂಡಿತು.

“ಇದರ ಹಿಂದ ಪ್ಲಾಸ್ಟಿಕ್ ಐತ್ರಿ ಅಣ್ಣಾರ. ಕಣ್ಣಿಗೆ ತಿಳಿಯಂಗಿಲ್ಲ, ಕೈಗೆ ತಿಳೀತದ.”

ಎರಡೂ ಬೇರೆ ಬೇರೆ ಚೀಲಕ್ಕೆ ಹೋದವು. ಗಟ್ಟಿ ರಟ್ಟಿನ ಡಬ್ಬಿಗಳು ಹಾಗೇ ಮತ್ತೊಂದು ಕಾರ್ಖಾನೆಗೆ. ಹರಿದವು ಕಾಗದದ ಗಿರಣಿಗೆ. ಮರದ ಚೌಕಟ್ಟುಗಳ ಮೊಳೆ ಕಿತ್ತರೆ ಹಲಗೆ ಬಡಗಿಗೆ, ಮೊಳೆ ಕಬ್ಬಿಣದ ರಾಶಿಗೆ. ರಾಸಾಯನಿಕ ತುಂಬಿದ್ದ ನೀಲಿ ಡ್ರಮ್ಮು ಮಾತ್ರ ಇಲ್ಲಿ ಕಾಣಲಿಲ್ಲ. ಅದನ್ನು ಪರವಾನಗಿ ಇದ್ದವರೇ ಒಯ್ಯಬೇಕು.

ಹೀಗೇ ಒಬ್ಬರ ಶೇಷ ಇನ್ನೊಬ್ಬರಿಗೆ ಸಾಗುವ ಡೆನ್ಮಾರ್ಕಿನ ಕಲುಂಡ್‌ಬೋರ್ಗ್ ಎಂಬ ಊರಿನಲ್ಲಿ 1972ರಿಂದಲೇ ತೈಲ ಸಂಸ್ಕರಣಾಗಾರದ ಅನಿಲ ಪಕ್ಕದ ಜಿಪ್ಸಮ್ ಹಲಗೆ ಕಾರ್ಖಾನೆಗೆ ಪೈಪಿನಲ್ಲಿ ಹರಿಯುತ್ತಿತ್ತು. ಜಗತ್ತೆಲ್ಲ ಆ ಪೈಪುಗಳನ್ನು ನೋಡಲು ಹೋಗುತ್ತದೆ. ನಾನು ಈ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದಕ್ಕೆ ತಗಡು ಕುಯ್ದ ಹಳೆಯ ಗಾಯ, ಸುತ್ತಿಕೊಳ್ಳಲು ಬಟ್ಟೆಯ ಚೂರು. ಇಷ್ಟು ತಿಳಿದ ಕೈಗೆ ಒಂದು ಜೊತೆ ಒಳ್ಳೆಯ ಕೈಗವಸು ಯಾಕಿಲ್ಲ ಎಂದು ಸಂಕಟವಾಯಿತು.

“ಯಾರಿಗೂ ಬ್ಯಾಡಾದದ್ದು?” ಕೇಳಿದೆ.

ಮೂಲೆಯ ಗುಡ್ಡೆ ತೋರಿಸಿದರು: ಚಿಪ್ಸ್ ಪಾಕೀಟು, ಪದರ ಪದರದ ಪ್ಲಾಸ್ಟಿಕ್ಕು. ಗೋವಾದ ಇಂಥ ಒಣಕಸ ಒತ್ತಿದ ಬೇಲುಗಳಾಗಿ ಘಟ್ಟ ಹತ್ತಿ ಕರ್ನಾಟಕದ ಸಿಮೆಂಟ್ ಕಾರ್ಖಾನೆಗಳಿಗೆ ಬರುತ್ತದೆ. ಸುಣ್ಣದಕಲ್ಲು 1,450 ಡಿಗ್ರಿಯಲ್ಲಿ ಬೇಯುವ ಗೂಡಿನಲ್ಲಿ ಅದು ಕಲ್ಲಿದ್ದಲಿನ ಪಾಲು ತಾನು ಉರಿಯುತ್ತದೆ. ಬೂದಿಯೂ ಹೊರಗೆ ಬರುವುದಿಲ್ಲ, ಸಿಮೆಂಟಿನಲ್ಲೇ ಬೆರೆತುಹೋಗುತ್ತದೆ. ನಾನು ಇದನ್ನು ಹೇಳಿದಾಗ ಅಕ್ಕನ ಕೈ ಒಂದು ಗಳಿಗೆ ನಿಂತಿತು.

“ಹೌದ್ರಿ? ನಮ್ಮ ಕಡೀಗೇ?” ನಕ್ಕರು. “ಊರಾಗ ಮನಿ ಕಟ್ಟಸಾಕತ್ತೀವಿ. ಗ್ವಾಡಿ ಎದ್ದಾವು, ಗಿಲಾವ್ ಬಾಕಿ ಐತಿ. ನಾಳೆ ಸಿಮೆಂಟ್ ತರಸ್ಬೇಕು.”

ಮತ್ತೆ ಬಗ್ಗಿ, ಗುಡ್ಡೆಯಿಂದ ಉರುಳಿ ಬಂದಿದ್ದ ಚಿಪ್ಸ್ ಪಾಕೀಟೊಂದನ್ನು ಎತ್ತಿಕೊಂಡರು. ಅತ್ತಿತ್ತ ತಿರುಗಿಸಿ ನೋಡಿ, ಒಳಗಿನ ಮಣ್ಣು ಕೊಡವಿ, ಗುಡ್ಡೆಯ ಮೇಲಿಟ್ಟರು.