ಹೇಮಾವತಿಯ ಹಾದಿಯಲ್ಲಿ

ಚನ್ನರಾಯಪಟ್ಟಣದಿಂದ ಹೊಳೆನರಸೀಪುರ, ಅರಕಲಗೂಡುಗಳನ್ನು ಬಳಸಿ ಹಾಸನಕ್ಕೆ ಸಾಗುವ ಹಾದಿಯಲ್ಲಿ ಹೇಮಾವತಿಯ ನೀರುಂಡ ಗದ್ದೆಗಳ ಹಸಿರು ಕಣ್ಣಿಗೆ ಹಬ್ಬ. 1979ರಲ್ಲಿ ಪೂರ್ಣಗೊಂಡ ಗೊರೂರು ಅಣೆಕಟ್ಟನ್ನು ಕಂಡು ಹೊರಟಾಗ ನಮ್ಮ ಜೀಪಿನ ಎಂಜಿನ್ ಕೆಟ್ಟಿತು. ಲಾರಿ ಚಾಲಕರೊಬ್ಬರು ಹಾಸನದವರೆಗೆ ಎಳೆದೊಯ್ಯಲು ಒಪ್ಪಿದರು.

ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹಾಯುವ ಇಂಥ ವಾಹನವನ್ನು ಎಳೆಯುವ ಮುನ್ನ, ಕೈಪಿಡಿಯಲ್ಲಿ ತಿಳಿಸಿದಂತೆ ಟ್ರಾನ್ಸ್‌ಫರ್ ಗೇರನ್ನು ನ್ಯೂಟ್ರಲ್‌ನಲ್ಲಿರಿಸಬೇಕು. ಇಲ್ಲವಾದರೆ ಉರುಳುವ ಚಕ್ರಗಳು ಗೇರುಪೆಟ್ಟಿಗೆಯನ್ನೂ ತಿರುಗಿಸುವವು. ಎಣ್ಣೆ ಸರಿಯಾಗಿ ಹರಿಯದೆ ಒಳಗಿನ ಹಲ್ಲುಗಳು ಹಾಳಾಗುವವು. ಆ ವ್ಯವಸ್ಥೆಯಿಲ್ಲದ ವಾಹನವನ್ನು ಲಾರಿಯ ಮೇಲೇರಿಸಿ ಸಾಗಿಸುವುದೇ ಲೇಸು.

ಇಳಿಜಾರಿನಲ್ಲಿ ಹಗ್ಗ ಸಡಿಲಗೊಂಡರೆ ಅಪಾಯವೆಂದು ನಾವು ಕಬ್ಬಿಣದ ಸರಳನ್ನೇ ಬಿಗಿಸಿದೆವು. ವಾಹನಗಳ ನಡುವಣ ಅಂತರ 5 ಮೀಟರ್ ಮೀರಬಾರದೆಂಬುದು ನಿಯಮ. ಎಂಜಿನ್ ನಿಂತಾಗ ಬ್ರೇಕು ಬಿಗಿಯಾಗುವುದರಿಂದ ಹಿರಿಯರನ್ನೂ ಮಕ್ಕಳನ್ನೂ ಬಸ್ಸಿಗೆ ಹತ್ತಿಸಿದೆವು. ಸ್ಟಿಯರಿಂಗ್ ಬೀಗ ತೆರೆದು ಒಬ್ಬರು ಮಾತ್ರ ಜೀಪಿನಲ್ಲಿ ಕುಳಿತರು.

ಜೀಪಿನಲ್ಲಿ ಹೊರಡುವ ಕುಟುಂಬಗಳು ಬುತ್ತಿಯೊಡನೆ ಈ ಎಚ್ಚರವನ್ನೂ ಕಟ್ಟಿಕೊಳ್ಳಲಿ.