ಪುಟ್ಟ ಡೇಟಾಬೇಸಿಗೆ ಎಪ್ಪತ್ತು ಲಕ್ಷ ಸಾಲು

ಕಂಪ್ಯೂಟರ್ ಓದುವ ಮಕ್ಕಳಿರುವ ಮನೆಗಳಲ್ಲಿ ಕೊನೆಯ ವರ್ಷ ಬಂತೆಂದರೆ ಒಂದು ಬೇಡಿಕೆ ಖಂಡಿತ: ಇದ್ದ ಯಂತ್ರ ಸಾಲದು, ಹೊಸದು ಬೇಕು. ಕೆಲವೊಮ್ಮೆ ಅದು ನಿಜ. ಹಲವು ಬಾರಿ ನಿಧಾನಕ್ಕೆ ಕಾರಣ ಯಂತ್ರವಲ್ಲ, ಕೆಲಸ ಒಪ್ಪಿಸಿದ ರೀತಿ.

ನಮ್ಮ ಬೀದಿಯ ಕಿರಾಣಿ ಅಂಗಡಿಯವರ ಮಗಳದ್ದೇ ನೋಡಿ. 480 ಮಳೆಮಾಪಕ ಕೇಂದ್ರಗಳ ನಲವತ್ತು ವರ್ಷದ ದಿನವಹಿ ಲೆಕ್ಕವನ್ನು ತುಂಬಿ, ಮುಂಗಾರು ಎಲ್ಲೆಲ್ಲಿ ಹಿಂದೆಮುಂದಾಗಿದೆ ಎಂದು ಹುಡುಕುವುದು ಅವಳ ಪ್ರಾಜೆಕ್ಟು. ಸುಮಾರು 70 ಲಕ್ಷ ಸಾಲು. ಅವಳು ಆರಿಸಿಕೊಂಡದ್ದು ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸು. ರಾತ್ರಿಯಿಡೀ ಓಡಿದರೂ ಮೂರನೇ ಒಂದು ಪಾಲು ಮುಗಿದಿರಲಿಲ್ಲ. "ಇದು ಆಟಿಕೆ, ದೊಡ್ಡದಕ್ಕೆ ಆಗದು" ಎಂದು ಗೆಳತಿಯರು ತೀರ್ಪಿತ್ತಿದ್ದರು. ತಂದೆ ಸೊಸೈಟಿ ಸಾಲದ ಅರ್ಜಿ ಹಿಡಿದು ಬಂದು, "ಸಾರ್, ಸಹಿ ಹಾಕ್ಲಾ ಬೇಡ್ವಾ, ನೀವೇ ಹೇಳಿ" ಎಂದರು.

ಆಟಿಕೆಯಂತೂ ಅಲ್ಲ. ಅಮೆರಿಕದ ರಿಚರ್ಡ್ ಹಿಪ್ ಯುದ್ಧನೌಕೆಯೊಂದರ ತಂತ್ರಾಂಶ ಬರೆಯುತ್ತಿದ್ದಾಗ, ಡೇಟಾಬೇಸಿನ ಸರ್ವರ್ ಮಲಗಿದರೆ ಅವರ ತಂತ್ರಾಂಶವೂ ಮಲಗುತ್ತಿತ್ತು. ಸರ್ವರಿನ ಗೊಡವೆಯೇ ಬೇಡವೆಂದು 2000ದಲ್ಲಿ ಇದನ್ನು ರಚಿಸಿದರು. ಎಲ್ಲವೂ ಒಂದೇ ಫೈಲಿನಲ್ಲಿ, ಕಾಸಿಲ್ಲ, ಲೈಸೆನ್ಸಿಲ್ಲ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಇದೇ ಇದೆ. ಫೈಲು 281 ಟೆರಾಬೈಟ್‌ವರೆಗೆ ಬೆಳೆಯಬಹುದು. ಅವಳದು ಒಂದು ಗಿಗಾಬೈಟೂ ಇರಲಿಲ್ಲ.

ಹಾಗಾದರೆ ತಡವೇಕೆ? ಅವಳ ಪ್ರೋಗ್ರಾಮು ಒಂದು ಸಾಲು ಬರೆದು, "ಭದ್ರವಾಯಿತೇ?" ಎಂದು ಕೇಳಿ, ಆಮೇಲೆ ಮುಂದಿನದಕ್ಕೆ ಹೋಗುತ್ತಿತ್ತು. ಗುಮಾಸ್ತ ಲೆಡ್ಜರಿನಲ್ಲಿ ಒಂದು ಸಾಲು ಬರೆದು, ಬೀರುವಿನಲ್ಲಿಟ್ಟು ಬೀಗ ಹಾಕಿ, ಮತ್ತೆ ತೆಗೆದಂತೆ. ಹಳೆಯ ಹಾರ್ಡ್‌ಡಿಸ್ಕು ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಒಂದು ಬಾರಿ ಭದ್ರಪಡಿಸಲು ಸುಮಾರು ಎರಡು ಸುತ್ತು. ಸೆಕೆಂಡಿಗೆ 60 ಸಾಲಾಯಿತು. 70 ಲಕ್ಷಕ್ಕೆ 32 ಗಂಟೆ! ಹತ್ತು ಸಾವಿರ ಸಾಲನ್ನು ಒಂದೇ ವಹಿವಾಟಾಗಿ ಕಟ್ಟಿ ಒಮ್ಮೆ ಬೀಗ ಹಾಕು ಎಂದೆ. ಅದೇ ಯಂತ್ರದಲ್ಲಿ ಕಾಫಿ ಮುಗಿಯುವಷ್ಟರಲ್ಲಿ ತುಂಬಿತು. ಅರ್ಜಿಗೆ ಸಹಿ ಬೀಳಲಿಲ್ಲ.

ಹುಡುಕುವುದು ಇನ್ನೊಂದು ಕತೆ. ಆಗುಂಬೆಯ 1994ರ ಜುಲೈ ಬೇಕೆಂದರೆ, ಸೂಚಿ ಇಲ್ಲದ ಕೋಷ್ಟಕದಲ್ಲಿ ಎಪ್ಪತ್ತು ಲಕ್ಷವನ್ನೂ ಓದಬೇಕು. ಕೇಂದ್ರ, ದಿನಾಂಕ ಎರಡನ್ನೂ ಸೇರಿಸಿ ಇಂಡೆಕ್ಸ್ ಕಟ್ಟಿದರೆ ನಾಲ್ಕೈದು ಹೆಜ್ಜೆಯಲ್ಲಿ ಸಿಗುತ್ತದೆ. ಆದರೆ ತುಂಬಿಸಿದ ಮೇಲೆ ಕಟ್ಟಬೇಕು. ಮೊದಲೇ ಕಟ್ಟಿದರೆ ಪ್ರತಿ ಸಾಲಿಗೂ ಅದನ್ನು ತಿದ್ದುತ್ತ ಕೂರುತ್ತದೆ. ಕಾಲೇಜುಗಳಲ್ಲಿ ಇಂಡೆಕ್ಸಿನ ವ್ಯಾಖ್ಯೆಯನ್ನು ಎರಡು ಅಂಕಕ್ಕೆ ಬಾಯಿಪಾಠ ಮಾಡಿಸುತ್ತಾರೆ, ಗಡಿಯಾರ ಹಿಡಿದು ವ್ಯತ್ಯಾಸ ತೋರಿಸುವುದು ಅಪರೂಪ.

ಇದಕ್ಕೂ ಮಿತಿಯುಂಟು. ಎಷ್ಟು ಜನ ಬೇಕಾದರೂ ಓದಬಹುದು, ಬರೆಯುವವರು ಒಂದು ಹೊತ್ತಿಗೆ ಒಬ್ಬರೇ. ಸಾವಿರಾರು ಮಂದಿ ಒಟ್ಟಿಗೆ ಮುಗಿಬೀಳುವ ರೈಲ್ವೆ ಟಿಕೆಟ್ಟಿನಂಥ ಕೆಲಸಕ್ಕೆ ಇದು ಒಗ್ಗದು. ಲ್ಯಾಬಿನ ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರಿನಲ್ಲಿಟ್ಟು ನಾಲ್ವರು ಬರೆಯಹೊರಟರೆ ಫೈಲೇ ಕೆಡುವ ಅಪಾಯವಿದೆ. ಅಂಥಲ್ಲಿ ಪೋಸ್ಟ್‌ಗ್ರೆಸ್‌ನಂಥ ಸರ್ವರ್ ಬೇಕು. ಅದೂ ಪುಕ್ಕಟೆಯೇ, ಹಳೆಯ ಯಂತ್ರದಲ್ಲೂ ಕೂರುತ್ತದೆ.