ಬಾಗಿಲಿಗೆ ಅಂಟಿಸಿದ ಚೀಟಿ

ಯುಗಾದಿ ಕೂಟದಲ್ಲಿ ಹೋಳಿಗೆ ಬಡಿಸುತ್ತಿದ್ದಾಗ ಸಂಪಾದಕರು ಹತ್ತಿರ ಬಂದು, “ನಿಮ್ಮ ಸತ್ಯವೇದ ದಿನನಿತ್ಯದ ಬದುಕಿಗೆ ಹೇಗೆ ಒದಗುತ್ತದೆ ಅಂತ ಎರಡು ಪುಟ ಬರೆದುಕೊಡಿ, ಉಪದೇಶ ಮಾತ್ರ ಬೇಡ” ಎಂದರು. ಉಪದೇಶ ಮಾಡುವ ಯೋಗ್ಯತೆ ನಮಗಿಲ್ಲ ಎಂಬುದು ಇದನ್ನು ಓದಿ ಮುಗಿಸುವಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ನಮ್ಮದು ಮಂಗಳೂರಿನ ಬಾಸೆಲ್ ಮಿಶನ್ ಮನೆತನ. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಹಿಂದೆಯೇ ಬಂದ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು, ಕಿಟೆಲ್ ನಿಘಂಟು 1894ರಲ್ಲಿ ಹೊರಬಂದದ್ದು ನಿಮಗೆಲ್ಲ ತಿಳಿದ ವಿಷಯವೇ. 1865ರಲ್ಲಿ ಮಿಶನ್‌ನವರು ಹಂಚಿನ ಕಾರ್ಖಾನೆಯನ್ನೂ ತೆರೆದರು. ನಮ್ಮ ಹಿರಿಯರು ಅಲ್ಲಿ ಮಣ್ಣು ಹದ ಮಾಡಿ ಬದುಕಿದವರು. ಸಂಜೆ ಕುಟುಂಬ ಪ್ರಾರ್ಥನೆಯಲ್ಲಿ ಒಂದು ಭಾಗ ಓದಿಸಿದ ಮೇಲೆ ಅಜ್ಜ ‘ಏನು ಅರ್ಥವಾಯಿತು’ ಎಂದು ಯಾವತ್ತೂ ಕೇಳುತ್ತಿರಲಿಲ್ಲ. “ನಾಳೆ ಏನು ಮಾಡುವಿ?” ಎಂದು ಕೇಳುತ್ತಿದ್ದರು. ಮಕ್ಕಳಾದ ನಮಗೆ ಅದು ಬಹಳ ಕಿರಿಕಿರಿ. ಈಗ ಮಾಲ್ಮೋದ ಮೂರನೆಯ ಮಹಡಿಯ ಮನೆಯಲ್ಲಿ ಊಟವಾದ ಮೇಲೆ ನಾವೂ ಅದನ್ನೇ ಕೇಳುತ್ತೇವೆ, ನಮ್ಮ ಮಗಳಿಗೂ ಕಿರಿಕಿರಿಯೇ.

ಕೆಲವು ಭಾಗಗಳು ಸುಲಭ. ಯೆರೆಮೀಯನ 29ನೆಯ ಅಧ್ಯಾಯ ಬಾಬೆಲಿಗೆ ಸೆರೆಹೋದವರಿಗೆ ಊರಿನಿಂದ ಬಂದ ಕಾಗದ: ಮನೆ ಕಟ್ಟಿಕೊಳ್ಳಿ, ತೋಟ ಮಾಡಿಕೊಳ್ಳಿ, ಇರುವ ಊರಿನ ಕ್ಷೇಮವನ್ನು ಬಯಸಿ ಎಂಬುದು ಅದರ ಸಾರ. ನಮ್ಮಂಥ ಪರದೇಶದ ಸಂಘಗಳಿಗೇ ಬರೆದಂತಿದೆ. ಯಾಜಕಕಾಂಡ 19ರಲ್ಲಿ ಹೊಲವನ್ನು ಅಂಚಿನವರೆಗೆ ಕೊಯ್ಯಬೇಡ, ಬಿದ್ದ ತೆನೆ ಬಡವರಿಗೂ ಪರದೇಶಿಗಳಿಗೂ ಇರಲಿ ಎಂಬ ಕಟ್ಟಳೆ ಇದೆ. ನಮಗೆ ಹೊಲವಿಲ್ಲ, ಆದರೆ ಖಾಲಿ ಡಬ್ಬಿಗಳಿವೆ. 1984ರಿಂದ ಇಲ್ಲಿ ಡಬ್ಬಿ ಹಿಂತಿರುಗಿಸಿದರೆ ಠೇವಣಿ ವಾಪಸ್ಸು ಸಿಗುತ್ತದಲ್ಲ? ಪಿಲ್ಡಮ್ ಪಾರ್ಕಿನಲ್ಲಿ ಬುತ್ತಿ ಬಿಚ್ಚಿದಾಗ ಅವನ್ನು ಕಸದ ಡಬ್ಬಿಯೊಳಗೆ ಎಸೆಯದೆ ಪಕ್ಕದಲ್ಲಿ ನಿಲ್ಲಿಸಿ ಬರುತ್ತೇವೆ, ಆಯುವವರು ಕಸಕ್ಕೆ ಕೈ ಹಾಕಬೇಕಾಗಿಲ್ಲ. ಇಲ್ಲಿಯ ಅನೇಕರು ಯಾವ ವಚನವನ್ನೂ ನೆನೆಯದೆ ಹೀಗೆಯೇ ಮಾಡುತ್ತಾರೆ, ಆದ್ದರಿಂದ ಇದರಲ್ಲಿ ನಮ್ಮ ಹೆಚ್ಚುಗಾರಿಕೆ ಏನೂ ಇಲ್ಲ.

ಕಷ್ಟ ಬಂದದ್ದು ಬಟ್ಟೆ ಒಗೆಯುವ ಕೋಣೆಯಲ್ಲಿ. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲ ಮನೆಗಳಿಗೂ ಸೇರಿ ಎರಡೇ ಯಂತ್ರ. ಗೋಡೆಯ ಹಲಗೆಯಲ್ಲಿ ವಾರ, ಹೊತ್ತಿಗೊಂದರಂತೆ ತೂತುಗಳಿವೆ. ಪ್ರತಿ ಮನೆಗೂ ಒಂದು ಪುಟ್ಟ ಬೀಗ, ಅದನ್ನು ಬೇಕಾದ ಹೊತ್ತಿಗೆ ಸಿಕ್ಕಿಸಿದರೆ ಆ ಹೊತ್ತು ನಿಮ್ಮದು. ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಬುಟ್ಟಿ ಹೊತ್ತು ಇಳಿದರೆ ಎರಡೂ ಯಂತ್ರಗಳಲ್ಲಿ ಯಾರದೋ ಬಟ್ಟೆ. ಕಾದೆವು, ಸಿಟ್ಟು ಬಂತು. ಇಂಥ ಹೊತ್ತಿನಲ್ಲಿ ಇಲ್ಲಿಯವರು ಯಾರೊಂದಿಗೂ ಜಗಳವಾಡುವುದಿಲ್ಲ, ಚೀಟಿ ಬರೆದು ಅಂಟಿಸುತ್ತಾರೆ. ‘ಕೋಪದ ಚೀಟಿ’ ಎಂದು ಅದಕ್ಕೆ ಸ್ವೀಡಿಷ್‌ನಲ್ಲಿ ಹೆಸರೇ ಇದೆ. ನಾವೂ ಒಂದು ಬರೆದೆವು. ವ್ಯಾಕರಣ ತಪ್ಪಬಾರದೆಂದು ಮಗಳಿಂದ ತಿದ್ದಿಸಿಯೇ ಬಾಗಿಲಿಗೆ ಅಂಟಿಸಿದೆವು. ಇನ್ನೊಬ್ಬರ ಹೊತ್ತನ್ನು ಕದಿಯುವುದೂ ಕಳ್ಳತನವೇ ಎಂದು ಕೊನೆಯ ಸಾಲು.

ಆ ರಾತ್ರಿಯ ಓದು ಸರದಿಯಂತೆ ಮತ್ತಾಯ 18ಕ್ಕೆ ಬಂದಿತ್ತು. ನಿನ್ನ ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನಿಗೇ ತಿಳಿಸು; ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು; ಆಮೇಲೆ ಸಭೆಗೆ ಹೇಳು ಎಂಬ ಕ್ರಮ ಅಲ್ಲಿದೆ. ಮಗಳು ಪುಸ್ತಕ ಮುಚ್ಚಿ, “ಅಪ್ಪಾ, ಚೀಟಿ ಅಂಟಿಸುವುದು ಇದರಲ್ಲಿ ಎಷ್ಟನೆಯದು?” ಎಂದಳು.

ಮರುಮಾತಿಲ್ಲದೆ ಇಬ್ಬರೂ ಇಳಿದು ಒಂದನೆಯ ಮಹಡಿಯ ಬಾಗಿಲು ತಟ್ಟಿದೆವು. ಆ ಮನುಷ್ಯ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. “ಬನ್ನಿ, ಹಲಗೆ ನೋಡೋಣ” ಎಂದು ಕರೆದುಕೊಂಡು ಹೋದರು. ನಮ್ಮ ಬೀಗ ಭಾನುವಾರದ ಸಾಲಿನಲ್ಲಿತ್ತು! ಶನಿವಾರ ಅವರದೇ. ಬೆಳಗಿನಿಂದ ಇಡೀ ಕಟ್ಟಡ ಓದಿದ ಆ ಚೀಟಿಯನ್ನು ಅವರೇ ಕಿತ್ತು, ಮಡಚಿ, ನಮ್ಮ ಕೈಯಲ್ಲಿಟ್ಟರು.

ಒಬ್ಬನೇ ಹೋಗಿ ಹೇಳು ಎಂಬ ಮಾತು ತಪ್ಪಿತಸ್ಥನ ಮಾನ ಕಾಯಲಿಕ್ಕೆ ಎಂದು ಅಷ್ಟು ವರ್ಷ ತಿಳಿದಿದ್ದೆವು. ದೂರು ಹೇಳುವವನ ಮಾನವೂ ಅದರಲ್ಲೇ ಉಳಿಯುತ್ತದೆ ಎಂದು ಹೊಳೆದದ್ದು ಆ ಮೆಟ್ಟಿಲು ಹತ್ತುವಾಗ.

ಇಷ್ಟಕ್ಕೇ ಮುಗಿದಿದ್ದರೆ ನಗುವ ಕಥೆಯಾಗುತ್ತಿತ್ತು. ಆದರೆ ನಮ್ಮದು ಇನ್ನೊಂದು ಚೀಟಿ ಇತ್ತು. ಅಪ್ಪ ತೀರಿಕೊಂಡ ಮೇಲೆ ಊರಿನ ಹಂಚಿನ ಮನೆಯ ಹಿತ್ತಿಲಲ್ಲಿ ಐದು ಸೆಂಟ್ಸ್ ಜಾಗವನ್ನು ದೊಡ್ಡಣ್ಣ ನಮ್ಮನ್ನು ಕೇಳದೆ ಮಾರಿದ್ದರು. ನಾಲ್ಕು ವರ್ಷ ಈ ದೂರನ್ನು ಚಿಕ್ಕಮ್ಮನಿಗೆ ಹೇಳಿದೆವು, ಭಾವನಿಗೆ ಹೇಳಿದೆವು, ಕೋಪನ್‌ಹೇಗನ್‌ನ ಸ್ನೇಹಿತರಿಗೂ ಹೇಳಿದೆವು. ಅಣ್ಣನಿಗೆ ಮಾತ್ರ ಹೇಳಿರಲಿಲ್ಲ. ಲೂಕ 12ರಲ್ಲಿ ಒಬ್ಬ ಯೇಸುವಿನ ಬಳಿ ಬಂದು, ಆಸ್ತಿಯಲ್ಲಿ ಪಾಲು ಕೊಡುವಂತೆ ನನ್ನ ಅಣ್ಣನಿಗೆ ಹೇಳು ಎಂದು ಕೇಳುತ್ತಾನೆ. ಯೇಸು ಪಾಲು ಮಾಡುವವನಾಗಲು ಒಪ್ಪುವುದಿಲ್ಲ. ಆ ಭಾಗ ಬಂದಾಗಲೆಲ್ಲ ನಾವು ಬೇಗ ಬೇಗ ಓದಿ ಮುಂದೆ ಹೋಗುತ್ತಿದ್ದೆವು.

ಮುಂದಿನ ಭಾನುವಾರ ಸಂತ ಪೇತ್ರನ ದೇವಾಲಯದಲ್ಲಿ ಪ್ರಭುಭೋಜನವಿತ್ತು. ನಿಮ್ಮಲ್ಲಿ ಹಲವರು ನೋಡಿದ್ದೀರಿ, 14ನೆಯ ಶತಮಾನದ ಇಟ್ಟಿಗೆಯ ಕಟ್ಟಡ, ಒಳಗೆಲ್ಲ ಬಿಳಿಸುಣ್ಣ. ಹೊರಗಿನ ಸುಟ್ಟ ಮಣ್ಣಿನ ಬಣ್ಣ ನೋಡಿದರೆ ನಮಗೆ ಊರಿನ ಹಂಚೇ ನೆನಪು. ಸಾಲಿನಲ್ಲಿ ನಿಂತಾಗ ಮತ್ತಾಯ 5ರ ಮಾತು ಅಡ್ಡ ಬಂತು: ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು. ಅದರಲ್ಲಿ ಒಂದು ಸೂಕ್ಷ್ಮವನ್ನು ನಾವು ಗಮನಿಸಿಯೇ ಇರಲಿಲ್ಲ. ನಿನಗೆ ಅವನ ಮೇಲೆ ದೂರಿದ್ದರೆ ಎಂದಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದು ಅಲ್ಲಿರುವುದು.

ಸಾಲು ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂತೆವು. ಮನೆಗೆ ಬಂದವರೇ ಫೋನ್ ಮಾಡಿದೆವು, ಊರಿನಲ್ಲಿ ಮಧ್ಯಾಹ್ನದ ಊಟ ಮುಗಿದ ಹೊತ್ತು. “ಅಣ್ಣಾ, ನಮ್ಮ ಮೇಲೆ ನಿಮಗೆ ಏನು ಬೇಸರ ಉಂಟು, ಹೇಳಿ” ಎಂದೆವು. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಹೇಳಿದರು: “ಅಪ್ಪ ಮಲಗಿದ್ದು ಹನ್ನೊಂದು ತಿಂಗಳು. ನೀವಿಬ್ಬರೂ ಫೋನಿನಲ್ಲಿ ಮದ್ದಿನ ಹೆಸರು ಕೇಳಿದಿರಿ, ಡಾಕ್ಟರ ಹೆಸರು ಕೇಳಿದಿರಿ. ನನಗೆ ನಿದ್ದೆ ಉಂಟಾ ಅಂತ ಒಂದು ದಿನ ಕೇಳಲಿಲ್ಲ. ಮಣ್ಣು ಮಾಡಿ ಬಂದ ನಾಲ್ಕನೇ ದಿನ ಆರ್‌ಟಿಸಿ ಕೇಳಿದಿರಿ.”

ಸುಳ್ಳಲ್ಲ. ಕೇಳಿದ್ದೆವು.

ಐದು ಸೆಂಟ್ಸ್‌ನ ಮಾತು ಆ ದಿನ ಎತ್ತಲಿಲ್ಲ. ಅದು ಇನ್ನೂ ಬಗೆಹರಿದಿಲ್ಲ. ಕೇಳದೆ ಮಾರಿದ್ದು ತಪ್ಪು ಎಂದೇ ನಾವು ಇವತ್ತೂ ಎಣಿಸುತ್ತೇವೆ. ಈಗ ಭಾನುವಾರ ಭಾನುವಾರ ಮಾತಾಡುತ್ತೇವೆ, ಹೆಚ್ಚಾಗಿ ಅವರ ಸಕ್ಕರೆ ಕಾಯಿಲೆ, ನಮ್ಮ ಚಳಿ. ಡಿಸೆಂಬರಿನಲ್ಲಿ ಊರಿಗೆ ಹೋಗಲು ಟಿಕೆಟ್ ಮಾಡಿದ್ದೇವೆ, ಆದ್ದರಿಂದ ಈ ಸಲದ ಕ್ರಿಸ್ಮಸ್ ಕೂಟದ ಅಡುಗೆಗೆ ನಮ್ಮ ಹೆಸರು ಬರೆದುಕೊಳ್ಳಬೇಡಿ. ಅತ್ತಿಗೆ ಒಂದು ಉಣ್ಣೆಯ ಶಾಲು ತರಲು ಹೇಳಿದ್ದಾರೆ. ಅಣ್ಣ ಏನೂ ಬೇಡ ಎಂದಿದ್ದಾರೆ.